ಹದಿನಾಲ್ಕು ತಿಂಗಳ ಕೆಟ್ಟ ಗಾಜು

ಬೆಂಗಳೂರಿನ ಹೊರವರ್ತುಲ ರಸ್ತೆಯ ಕಚೇರಿ ಕಟ್ಟಡಗಳ ಮೈಗೆ ಹೊದಿಸಿದ ಗಾಜು, ಕಾರಿನ ಮುಂಗಾಜು, ಮನೆಯ ಕನ್ನಡಿ: ಇವೆಲ್ಲವೂ ಇಂದು ತಯಾರಾಗುವುದು ಬಹುಮಟ್ಟಿಗೆ ಒಂದೇ ವಿಧಾನದಿಂದ. ಫ್ಲೋಟ್ ಗ್ಲಾಸ್ ಎಂಬ ಆ ವಿಧಾನ ಹುಟ್ಟಿದ್ದು ಇಂಗ್ಲೆಂಡಿನ ಲಿವರ್‌ಪೂಲ್ ಸಮೀಪದ ಸೇಂಟ್ ಹೆಲೆನ್ಸ್ ಎಂಬ ಊರಿನಲ್ಲಿ, 1826ರಷ್ಟು ಹಿಂದೆ ಶುರುವಾದ ಪಿಲ್ಕಿಂಗ್ಟನ್ ಕುಟುಂಬದ ಕಾರ್ಖಾನೆಯಲ್ಲಿ. ಈಗ ಗಾಜೋದ್ಯಮದ ಸುದ್ದಿ ಎಂದರೆ ಮೇಳಗಳ ಸುದ್ದಿ. ಜರ್ಮನಿಯ ಡುಸೆಲ್ಡಾರ್ಫ್‌ನಲ್ಲಿ ಎರಡು ವರ್ಷಕ್ಕೊಮ್ಮೆ ನಡೆಯುವ ಗ್ಲಾಸ್‌ಟೆಕ್‌ನಂಥ ಮೇಳಗಳಲ್ಲಿ ಹೊಸ ಯಂತ್ರ, ಹೊಸ ಲೇಪನ, ಹೊಸ ಘೋಷಣೆಗಳು ಸಾಲುಗಟ್ಟುತ್ತವೆ. ಅವು ಬೇಡವೆಂದಲ್ಲ. ಆದರೆ ಈ ಉದ್ಯಮದ ಅತಿ ದೊಡ್ಡ ಬದಲಾವಣೆಗೆ ಬೇಕಾಗಿದ್ದು ವೇದಿಕೆಯಲ್ಲ, ಮಾರಲು ಬಾರದ ಗಾಜನ್ನು ತಿಂಗಳುಗಟ್ಟಲೆ ಸಹಿಸಿಕೊಳ್ಳುವ ತಾಳ್ಮೆ. ಆ ತಾಳ್ಮೆಯೂ ಉದ್ಯಮದ ಬಂಡವಾಳವೇ.

ಫ್ಲೋಟ್ ವಿಧಾನಕ್ಕೆ ಮೊದಲು ಚಪ್ಪಟೆ ಗಾಜು ಮಾಡುವುದು ಬಹಳ ಶ್ರಮದ ಕೆಲಸವಾಗಿತ್ತು. ನಮ್ಮ ಲಾಲ್‌ಬಾಗಿನ ಗಾಜಿನ ಮನೆಗೆ ಮಾದರಿಯಾದ ಲಂಡನ್ನಿನ ಕ್ರಿಸ್ಟಲ್ ಪ್ಯಾಲೇಸ್‌ಗೆ 1851ರಲ್ಲಿ ಸುಮಾರು ಮೂರು ಲಕ್ಷ ಗಾಜಿನ ಹಾಳೆಗಳು ಬೇಕಾದವು. ಅವನ್ನು ಒದಗಿಸಿದ ಚಾನ್ಸ್ ಬ್ರದರ್ಸ್ ಮುಂದೆ ಪಿಲ್ಕಿಂಗ್ಟನ್ ಸಂಸ್ಥೆಯ ಪಾಲಾಯಿತು. ಕೆಲಸಗಾರರು ಬಾಯಿಂದ ಊದಿ ಗಾಜನ್ನು ಉದ್ದನೆಯ ಕೊಳವೆಯಾಗಿಸಿ, ಸೀಳಿ, ಮತ್ತೆ ಕಾಯಿಸಿ ಹಾಳೆಯಂತೆ ಬಿಡಿಸುತ್ತಿದ್ದರು. ಇಪ್ಪತ್ತನೆಯ ಶತಮಾನದಲ್ಲಿ ಯಂತ್ರಗಳು ಬಂದರೂ ಆಯ್ಕೆ ಎರಡೇ ಉಳಿದವು. ಕುಲುಮೆಯಿಂದ ನೇರ ಎಳೆದ ಅಗ್ಗದ ಗಾಜಿನಲ್ಲಿ ನೋಟ ಅಲೆಯಲೆಯಾಗಿ ಕಾಣುತ್ತಿತ್ತು. ಅಂಗಡಿ ಮುಂಗಟ್ಟಿಗೆ, ಕನ್ನಡಿಗೆ ಒಪ್ಪುವ ಪ್ಲೇಟ್ ಗ್ಲಾಸ್ ಬೇಕೆಂದರೆ ಎರಡೂ ಬದಿಯನ್ನು ಮರಳು, ನೀರು ಹಾಕಿ ಉಜ್ಜಿ ಹೊಳಪು ಕೊಡಬೇಕಿತ್ತು. ಹಾಗೆ ಉಜ್ಜುವಾಗ ಗಾಜಿನ ಐದನೇ ಒಂದು ಪಾಲು ಪುಡಿಯಾಗಿ ಹೋಗುತ್ತಿತ್ತು.

ಈ ತೊಡಕನ್ನು ಬಿಡಿಸಿದವರು ಅಲಸ್ಟೇರ್ ಪಿಲ್ಕಿಂಗ್ಟನ್. 1920ರಲ್ಲಿ ಕಲ್ಕತ್ತೆಯಲ್ಲಿ ಹುಟ್ಟಿದವರು, ಕೇಂಬ್ರಿಜ್‌ನಲ್ಲಿ ಎಂಜಿನಿಯರಿಂಗ್ ಓದಿದವರು, ಎರಡನೇ ಮಹಾಯುದ್ಧದಲ್ಲಿ ಸೆರೆಸಿಕ್ಕು ವರ್ಷಗಟ್ಟಲೆ ಯುದ್ಧಕೈದಿಯಾಗಿದ್ದವರು. ಹೆಸರು ಒಂದೇ ಆದರೂ ಅವರು ಮಾಲೀಕರ ಕುಟುಂಬದವರಲ್ಲ. ಎಷ್ಟು ತಲೆಮಾರು ಹಿಂದಕ್ಕೆ ಹೋದರೂ ನೆಂಟಸ್ತಿಕೆ ಸಿಗಲಿಲ್ಲ. ಆದರೂ 1947ರಲ್ಲಿ ಸಂಸ್ಥೆ ಅವರನ್ನು ಮನೆಯ ಹುಡುಗರಿಗೆ ಮೀಸಲಾದ ತರಬೇತಿಗೇ ಸೇರಿಸಿಕೊಂಡಿತು. ಪಾತ್ರೆ ತೊಳೆಯುವಾಗ ಅವರಿಗೆ ಈ ಉಪಾಯ ಹೊಳೆಯಿತೆಂಬ ಕಥೆ ಪ್ರಚಲಿತದಲ್ಲಿದೆ. ಕಥೆ ಚೆನ್ನಾಗಿದೆ, ಆದರೆ ಅದು ಮುಖ್ಯವಾದದ್ದನ್ನು ಮರೆಸುತ್ತದೆ. ಕರಗಿದ ಲೋಹದ ಮೇಲೆ ಗಾಜನ್ನು ತೇಲಿಸುವ ಯೋಚನೆಗೆ ಅಮೆರಿಕದಲ್ಲಿ 1902 ಮತ್ತು 1905ರಲ್ಲೇ ಪೇಟೆಂಟ್ ಸಿಕ್ಕಿತ್ತು. ಅದು ಕಾಗದದಲ್ಲೇ ಉಳಿಯಿತು. ಯೋಚನೆಗಿಂತ ಅಪರೂಪವಾದದ್ದು ಅದರ ಬೆನ್ನುಬಿಡದೆ ನಿಲ್ಲುವುದು.

ವಿಧಾನ ಕೇಳಲು ಸರಳ. ಮರಳು, ಸೋಡಾ, ಸುಣ್ಣಕಲ್ಲುಗಳನ್ನು ಸುಮಾರು 1,500 ಡಿಗ್ರಿ ಸೆಲ್ಸಿಯಸ್ ಮೀರಿದ ಬಿಸಿಯಲ್ಲಿ ಕರಗಿಸಿ, ಆ ಪಾಕವನ್ನು ಕರಗಿದ ತವರದ ತೊಟ್ಟಿಯ ಮೇಲೆ ಹರಿಸುತ್ತಾರೆ. ತವರ 232 ಡಿಗ್ರಿಗೇ ಕರಗುತ್ತದೆ, ಗಾಜಿಗಿಂತ ಭಾರ, ಅದರೊಂದಿಗೆ ಬೆರೆಯುವುದಿಲ್ಲ. ಬಿಸಿ ಸಾರಿನ ಮೇಲೆ ತುಪ್ಪ ಹರಡುವಂತೆ ಗಾಜು ಹರಡಿಕೊಳ್ಳುತ್ತದೆ. ಕೆಳಬದಿಗೆ ತವರದ ಸಮತಲ, ಮೇಲ್ಬದಿಗೆ ಬೆಂಕಿಯ ಹೊಳಪು. ತವರ ತುಕ್ಕಾಗದಂತೆ ತೊಟ್ಟಿಯೊಳಗೆ ಸಾರಜನಕ ಮತ್ತು ಸ್ವಲ್ಪ ಜಲಜನಕ ತುಂಬಿರುತ್ತದೆ. ಸುಮಾರು 600 ಡಿಗ್ರಿಗೆ ಇಳಿಯುವಷ್ಟರಲ್ಲಿ ಗಾಜು ಗಟ್ಟಿಯಾಗಿ ಉರುಳೆಗಳ ಮೇಲೆ ಏರುತ್ತದೆ. ಉಜ್ಜುವ ಕೆಲಸವೇ ಇಲ್ಲ.

ಮಾಡಲು ಮಾತ್ರ ಸರಳವಾಗಿರಲಿಲ್ಲ. 1952ರಲ್ಲಿ ಹುಟ್ಟಿದ ಯೋಚನೆ ಸಣ್ಣ ಪ್ರಯೋಗಗಳನ್ನು ದಾಟಿ 1957ರಲ್ಲಿ ಕೌಲಿ ಹಿಲ್ ಕಾರ್ಖಾನೆಯಲ್ಲಿ ಪೂರ್ಣ ಪ್ರಮಾಣದ ಘಟಕವಾಯಿತು. ಅಲ್ಲಿಂದ ಹದಿನಾಲ್ಕು ತಿಂಗಳು ಹಗಲೂ ರಾತ್ರಿ ಹೊರಬಂದದ್ದೆಲ್ಲ ಗುಳ್ಳೆ ತುಂಬಿದ, ಕಲೆ ಬಿದ್ದ ಗಾಜು. ಗಾಜಿನ ಕುಲುಮೆಯನ್ನು ಬೇಕೆಂದಾಗ ಆರಿಸಿ ಹೊತ್ತಿಸಲು ಬರುವುದಿಲ್ಲ. ಪಾಕ ಹರಿಯುತ್ತಲೇ ಇರಬೇಕು, ಕೆಟ್ಟದ್ದನ್ನು ಒಡೆಯುತ್ತಲೇ ಇರಬೇಕು. ತಿಂಗಳಿಗೆ ಒಂದು ಲಕ್ಷ ಪೌಂಡ್ ಖರ್ಚು. ಪ್ರತಿ ತಿಂಗಳೂ ಅಲಸ್ಟೇರ್ ನಿರ್ದೇಶಕರ ಮುಂದೆ ನಿಂತು ಮತ್ತೊಂದು ತಿಂಗಳಿನ ಹಣ ಕೇಳಬೇಕಿತ್ತು. ಹ್ಯಾರಿ ಪಿಲ್ಕಿಂಗ್ಟನ್ ಅಧ್ಯಕ್ಷರಾಗಿದ್ದ ಮಂಡಳಿ ಪ್ರತಿ ಸಲವೂ ಕೊಟ್ಟಿತು. ಕೊನೆಗೊಮ್ಮೆ ಒಳ್ಳೆಯ ಗಾಜು ಬಂತು. ಕುಲುಮೆಯನ್ನು ದುರಸ್ತಿ ಮಾಡಿ ಮತ್ತೆ ಶುರು ಮಾಡಿದರೆ ಪುನಃ ಗುಳ್ಳೆ. ಹುಡುಕಿದಾಗ ತಿಳಿಯಿತು: ಹಿಂದಿನ ಸಲ ಪಾಕ ಸುರಿಯುವ ಕಡೆ ಒಂದು ಭಾಗ ತಾನಾಗಿ ಮುರಿದಿತ್ತು. ಅದರಿಂದ ಇಟ್ಟಿಗೆಗೆ ತಾಗಿ ಕೆಟ್ಟ ಗಾಜು ಅಂಚಿಗೆ ಸರಿದು ಹೋಗಿ, ನಡುವಿನ ಗಾಜು ಶುದ್ಧವಾಗಿ ಉಳಿಯುತ್ತಿತ್ತು. ದುರಸ್ತಿಯೇ ಕೆಡಿಸಿತ್ತು! 1959ರ ಜನವರಿಯಲ್ಲಿ ಸಂಸ್ಥೆ ಲೋಕಕ್ಕೆ ಸುದ್ದಿ ಕೊಟ್ಟಾಗ ಏಳು ವರ್ಷ ಮತ್ತು ಸುಮಾರು 70 ಲಕ್ಷ ಪೌಂಡ್ ಸಂದಿತ್ತು.

ಇದು ಬರೀ ಅದೃಷ್ಟ ಎನ್ನುವವರಿದ್ದಾರೆ. ಅದೃಷ್ಟ ಇತ್ತು, ನಿಜ. ತವರದ ಮೇಲೆ ಗಾಜು ತಾನಾಗಿ ಆರರಿಂದ ಏಳು ಮಿಲಿಮೀಟರ್ ದಪ್ಪಕ್ಕೆ ನಿಲ್ಲುತ್ತದೆ. ಮಾರುಕಟ್ಟೆಗೆ ಆಗ ಹೆಚ್ಚು ಬೇಕಾಗಿದ್ದೂ ಅದೇ ದಪ್ಪ. ಆದರೆ ಹದಿಮೂರನೇ ತಿಂಗಳಲ್ಲಿ ಕೈಬಿಟ್ಟವರಿಗೆ ಹದಿನಾಲ್ಕನೆಯ ತಿಂಗಳ ಅದೃಷ್ಟ ದಕ್ಕುತ್ತಿರಲಿಲ್ಲ. ಷೇರುಪೇಟೆಗೆ ಉತ್ತರ ಕೊಡಬೇಕಿಲ್ಲದ, ಬ್ರಿಟನ್ನಿನ ಗಾಜಿನ ಮಾರುಕಟ್ಟೆಯನ್ನೇ ಆಳುತ್ತಿದ್ದ ಸಿರಿವಂತ ಕುಟುಂಬಕ್ಕೆ ತಾಳ್ಮೆ ಸುಲಭ ಎಂಬ ಆಕ್ಷೇಪ ಇದಕ್ಕಿಂತ ಗಟ್ಟಿ. ಅದೇ ತಾಳ್ಮೆಯ ಫಲಕ್ಕೆ ಸಂಸ್ಥೆ ಮುಂದೆ ಬೇಲಿಯನ್ನೂ ಹಾಕಿತು. 1962ರಲ್ಲಿ ಅಮೆರಿಕದ ಪಿಪಿಜಿ ಕಂಪನಿಯಿಂದ ಆರಂಭಿಸಿ ಹಲವರಿಗೆ ಪರವಾನಗಿ ಕೊಟ್ಟರೂ, ಅದರ ನಿರ್ಬಂಧಗಳು ಸ್ಪರ್ಧೆಗೆ ಅಡ್ಡಿಯೆಂದು ಅಮೆರಿಕ ಸರ್ಕಾರ 1994ರಲ್ಲಿ ಮೊಕದ್ದಮೆ ಹೂಡಿತು. ಮಾಲೀಕರ ಮಮತೆ ಎಲ್ಲರಿಗೂ ಒಂದೇ ಸಮ ಸಿಗಲಿಲ್ಲ ಎಂಬುದಕ್ಕೆ ಸೇಂಟ್ ಹೆಲೆನ್ಸ್‌ನ ಕೆಲಸಗಾರರು 1970ರಲ್ಲಿ ವಾರಗಟ್ಟಲೆ ನಡೆಸಿದ ಮುಷ್ಕರವೇ ಸಾಕ್ಷಿ. ಇದನ್ನೆಲ್ಲ ಒಪ್ಪಿಕೊಂಡ ಮೇಲೂ ಒಂದು ಮಾತು ಉಳಿಯುತ್ತದೆ. ಹಣವಿದ್ದ ಸಂಸ್ಥೆಗಳು ಬೇಕಾದಷ್ಟಿದ್ದವು. ಹಣ ಹಾಕಿ ಕಾದದ್ದು ಇದು. ಕಾಯುವ ಶಕ್ತಿ ಸಿರಿವಂತಿಕೆಯಿಂದ ಬರಬಹುದು, ಕಾಯುವ ನಿರ್ಧಾರ ಮಾತ್ರ ಮನುಷ್ಯರದು.

ಆ ನಿರ್ಧಾರ ಇಂದು ಮತ್ತೆ ಬೇಕಾಗಿದೆ. ಒಮ್ಮೆ ಹೊತ್ತಿಸಿದ ಫ್ಲೋಟ್ ಕುಲುಮೆ ಹದಿನೈದು ವರ್ಷ, ಕೆಲವೊಮ್ಮೆ ಇನ್ನೂ ಹೆಚ್ಚು ಕಾಲ ಬಿಡುವಿಲ್ಲದೆ ಉರಿಯುತ್ತದೆ. ಇಂಧನದಿಂದಷ್ಟೇ ಅಲ್ಲ, ಕರಗುವ ಸುಣ್ಣಕಲ್ಲು ಮತ್ತು ಸೋಡಾದಿಂದಲೂ ಇಂಗಾಲದ ಡೈಆಕ್ಸೈಡ್ ಹೊರಬೀಳುತ್ತದೆ. 2021ರಲ್ಲಿ ಸೇಂಟ್ ಹೆಲೆನ್ಸ್‌ನ ಗ್ರೀನ್‌ಗೇಟ್ ಘಟಕದಲ್ಲೇ ಜಲಜನಕದಿಂದ ಕುಲುಮೆ ಉರಿಸುವ ಪ್ರಯೋಗ ನಡೆಯಿತು. ಆದರೆ ಮಾಲೀಕತ್ವ ಈಗ ಆ ಊರಿನದಲ್ಲ. 1970ರಲ್ಲಿ ಷೇರುಪೇಟೆಗೆ ಬಂದ ಪಿಲ್ಕಿಂಗ್ಟನ್ ಅನ್ನು, ಅದಕ್ಕಿಂತ ಚಿಕ್ಕದಾದ ಜಪಾನಿನ ಎನ್‌ಎಸ್‌ಜಿ ಕಂಪನಿ 2006ರಲ್ಲಿ ಕೊಂಡು ಭಾರಿ ಸಾಲ ಹೊತ್ತಿತು. ಅಲಸ್ಟೇರ್ 1995ರಲ್ಲೇ ತೀರಿಕೊಂಡಿದ್ದರು. ಸಾಲದ ಕಂತು ಕಟ್ಟುವವರನ್ನು ತಾಳ್ಮೆಯಿಲ್ಲದವರೆಂದು ದೂರುವುದು ಸರಿಯಲ್ಲ. ಹಾಗಾಗಿ ಕಾಯುವ ಖರ್ಚಿನಲ್ಲಿ ಸರ್ಕಾರಗಳೂ, ಗಾಜಿನ ಕಟ್ಟಡ ಬೇಕೆನ್ನುವ ನಮ್ಮಂಥ ನಗರಗಳೂ ಪಾಲು ಹೊರಬೇಕು. ಹಾಗೆ ಆಗದಿದ್ದರೆ ಮುಂದಿನ ಒಳ್ಳೆಯ ಯೋಚನೆಯೂ 1902ರ ಪೇಟೆಂಟಿನಂತೆ ಕಾಗದದಲ್ಲೇ ಉಳಿದೀತು. ಇನ್ನೊಂದು ತಿಂಗಳು ನೋಡೋಣ ಎಂದು ಹದಿನಾಲ್ಕು ಸಲ ಹೇಳಬಲ್ಲ ಆಡಳಿತ ಮಂಡಳಿ ಈ ಉದ್ಯಮದಲ್ಲಿ ಈಗ ಎಲ್ಲಿದೆ ಎಂದು ಕೇಳಿದರೆ, ಉತ್ತರ ತಟ್ಟನೆ ಹೊಳೆಯುವುದಿಲ್ಲ.