ಎಸ್.ಪಿ. ರೋಡಿಗೆ ಹೋಗೋ ಮುಂಚೆ: ಓಎಸ್ ಹಾಕುವಾಗ ಡಿಸ್ಕ್ ರೀಡ್ ಎರರ್ ಬಂದ್ರೆ ಏನ್ ಮಾಡೋದು?

2025ರ ಅಕ್ಟೋಬರ್ 14ಕ್ಕೆ ವಿಂಡೋಸ್ 10ಕ್ಕೆ ಮೈಕ್ರೋಸಾಫ್ಟ್‌ನ ಸಾಮಾನ್ಯ ಬೆಂಬಲ ಮುಗಿಯಿತು. ಹಳೆಯ ಮೆಷಿನ್‌ಗಳಲ್ಲಿ ಬಹಳಷ್ಟಕ್ಕೆ ವಿಂಡೋಸ್ 11 ಹಾಕೋಕೆ ಆಗಲ್ಲ. ಹಾಗಾಗಿ ಮನೆ ಮೂಲೆಯಲ್ಲಿ ಬಟ್ಟೆ ಹೊದ್ದುಕೊಂಡು ಕೂತಿದ್ದ ಡೆಸ್ಕ್‌ಟಾಪ್‌ಗಳಿಗೆ ಲಿನಕ್ಸ್ ಹಾಕೋಣ ಅನ್ನೋ ಮಾತು ಕ್ಯಾಂಪಸ್‌ನಲ್ಲಿ ಜಾಸ್ತಿ ಕೇಳ್ತಿದೆ. ನಮ್ಮ ಕ್ಲಬ್‌ನ ನಾಲ್ಕೈದು ಜನ ಟಿನ್ ಫ್ಯಾಕ್ಟರಿ ಸುತ್ತಮುತ್ತಲ ಪಿಜಿಗಳಲ್ಲೇ ಇದ್ದೇವೆ. ಕೋಲಾರ, ಮುಳಬಾಗಿಲು ಕಡೆಯ ಬಸ್ಸು ಇಲ್ಲೇ ಹತ್ತಿ ಇಳಿಯಬಹುದಾದ್ದರಿಂದ ಊರಿಂದ ಸಿಪಿಯು ಹೊತ್ತುಕೊಂಡು ಬರುವವರೂ ನಮ್ಮ ರೂಮಿಗೇ ಬರುತ್ತಾರೆ.

ಬಂದವರ ದೂರು ಸಾಮಾನ್ಯವಾಗಿ ಒಂದೇ. ಡಿವಿಡಿ ಹಾಕಿದ್ರೆ ಇನ್‌ಸ್ಟಾಲರ್ ಶುರುವಾಗುತ್ತೆ, ಸ್ವಲ್ಪ ಹೊತ್ತು ಓಡುತ್ತೆ, ಆಮೇಲೆ ಕಪ್ಪು ಪರದೆ ಮೇಲೆ ‘ಎರರ್’ ಅನ್ನೋ ಸಾಲುಗಳು ಮಳೆ ಥರ ಸುರಿಯುತ್ತವೆ. ಅದರಲ್ಲಿ ‘ಡಿಸ್ಕ್’ ಅನ್ನೋ ಪದ ಕಂಡ ಕೂಡಲೇ ಹಾರ್ಡ್ ಡಿಸ್ಕ್ ಹೋಯ್ತು ಅಂತ ತೀರ್ಮಾನ. ಬೆನ್ನಿಗಾನಹಳ್ಳಿ ಸ್ಟೇಷನ್‌ನಲ್ಲಿ ಮೆಟ್ರೋ ಹತ್ತಿದ್ರೆ ಮೆಜೆಸ್ಟಿಕ್, ಅಲ್ಲಿಂದ ಎಸ್.ಪಿ. ರೋಡ್ ದೂರ ಇಲ್ಲ. ಹೊಸ ಹಾರ್ಡ್ ಡಿಸ್ಕ್ ತರೋದು ಸುಲಭ. ಆದರೆ ತಂದ ಮೇಲೂ ಅದೇ ಎರರ್ ಬಂದ್ರೆ?

ಈ ಲೇಖನದಲ್ಲಿ ನಾವು ಹೇಳೋದು ಇಷ್ಟೇ: ರೀಡ್ ಎರರ್ ಬಂದಾಗ ಮೊದಲು ಏನನ್ನೂ ಕೊಳ್ಳಬೇಡಿ. ತಪ್ಪು ಫೈಲ್‌ನಲ್ಲಿ ಇರಬಹುದು, ಬರೆದ ಡಿಸ್ಕ್‌ನಲ್ಲಿ ಇರಬಹುದು, ಓದೋ ಡ್ರೈವ್‌ನಲ್ಲಿ ಇರಬಹುದು, ಅಥವಾ ಡ್ರೈವ್‌ನಿಂದ ಮೆಮೊರಿವರೆಗಿನ ದಾರಿಯಲ್ಲಿ ಇರಬಹುದು. ಖರ್ಚಿಲ್ಲದ ಪರೀಕ್ಷೆ ಮೊದಲು, ಒಂದು ಸಲಕ್ಕೆ ಒಂದೇ ಬದಲಾವಣೆ.

ಮೊದಲು ಪರದೆ ಓದಿ

ಎರರ್ ಬಂದ ಕೂಡಲೇ ರೀಸ್ಟಾರ್ಟ್ ಒತ್ತಬೇಡಿ. ಫೋನಲ್ಲಿ ಒಂದು ಫೋಟೋ ತೆಗೀರಿ. ಅದರಲ್ಲಿ ನೋಡಬೇಕಾದ್ದು ಸಾಧನದ ಹೆಸರು. ಲಿನಕ್ಸ್‌ನಲ್ಲಿ ‘ಎಸ್‌ಆರ್0’ ಅಂದ್ರೆ ಸಿಡಿ ಅಥವಾ ಡಿವಿಡಿ ಡ್ರೈವ್. ‘ಎಸ್‌ಡಿಎ’, ‘ಎಸ್‌ಡಿಬಿ’ ಅಂದ್ರೆ ಹಾರ್ಡ್ ಡಿಸ್ಕ್, ಎಸ್‌ಎಸ್‌ಡಿ ಅಥವಾ ಪೆನ್‌ಡ್ರೈವ್. ‘ಬಫರ್ ಐ/ಓ ಎರರ್’ ಜೊತೆ ಎಸ್‌ಆರ್0 ಅಂತ ಇದ್ದರೆ ಹಾರ್ಡ್ ಡಿಸ್ಕ್ ಪಾಪ, ಅದರ ಮೇಲೆ ಇನ್ನೂ ಆರೋಪವೇ ಇಲ್ಲ.

ಇನ್ನೊಂದು ಸಂದೇಶ ಉಂಟು: ‘ಎ ಡಿಸ್ಕ್ ರೀಡ್ ಎರರ್ ಅಕರ್ಡ್’, ಅದರ ಜೊತೆ ಕಂಟ್ರೋಲ್ ಆಲ್ಟ್ ಡಿಲೀಟ್ ಒತ್ತಿ ಅನ್ನೋ ಸೂಚನೆ. ಇದನ್ನು ಬರೆಯೋದು ಡಿವಿಡಿಯಲ್ಲಿರೋ ಲಿನಕ್ಸ್ ಅಲ್ಲ, ಹಾರ್ಡ್ ಡಿಸ್ಕ್‌ನಲ್ಲಿರೋ ವಿಂಡೋಸ್‌ನ ಬೂಟ್ ಸೆಕ್ಟರ್. ಅಂದ್ರೆ ಮೆಷಿನ್ ಡಿವಿಡಿಯನ್ನು ಬಿಟ್ಟು ನೇರ ಹಾರ್ಡ್ ಡಿಸ್ಕ್‌ಗೆ ಹೋಗಿದೆ. ಬಯಾಸ್‌ನಲ್ಲಿ ಬೂಟ್ ಆರ್ಡರ್ ನೋಡಿ.

ಲಿನಕ್ಸ್ ಸಂದೇಶದಲ್ಲಿ ‘ಸೆನ್ಸ್ ಕೀ’ ಅಂತಲೂ ಒಂದು ಸಾಲು ಇರುತ್ತೆ. ಅದರ ಮುಂದೆ ‘ನಾಟ್ ರೆಡಿ’ ಅಂದ್ರೆ ಡ್ರೈವ್‌ಗೆ ಡಿಸ್ಕ್ ಇನ್ನೂ ಸಿಕ್ಕಿಲ್ಲ. ‘ಮೀಡಿಯಂ ಎರರ್’ ಅಂದ್ರೆ ಡಿಸ್ಕ್ ಸಿಕ್ಕಿದೆ, ಆ ಜಾಗ ಓದೋಕೆ ಆಗ್ತಿಲ್ಲ. ‘ಹಾರ್ಡ್‌ವೇರ್ ಎರರ್’ ಅಂದ್ರೆ ಡ್ರೈವ್ ತನ್ನ ಬಗ್ಗೆಯೇ ದೂರು ಹೇಳ್ತಿದೆ. ಆದರೆ ಹುಷಾರು, ಮೀಡಿಯಂ ಎರರ್ ಬಂದ ಮಾತ್ರಕ್ಕೆ ಡಿಸ್ಕ್ ಕೆಟ್ಟಿದೆ ಅಂತಲ್ಲ. ಡ್ರೈವ್‌ನ ಲೆನ್ಸ್ ಮೇಲೆ ಧೂಳಿದ್ದರೂ ಅದಕ್ಕೆ ಹಾಗೇ ಅನ್ನಿಸುತ್ತೆ. ಕನ್ನಡಕ ಕೊಳೆಯಾದರೆ ಪುಸ್ತಕ ಮಸುಕಾಗಿ ಕಾಣೋ ಹಾಗೆ.

ಡಿಸ್ಕ್ ಓದೋದು ಅಂದ್ರೆ ಏನು?

ಸಿಡಿಯಲ್ಲಿ ಒಂದು ಸುತ್ತಿಗೂ ಇನ್ನೊಂದು ಸುತ್ತಿಗೂ ಮಧ್ಯೆ 1.6 ಮೈಕ್ರೋಮೀಟರ್ ಅಂತರ. ಡಿವಿಡಿಯಲ್ಲಿ ಬರೀ 0.74. ನಮ್ಮ ತಲೆಕೂದಲಿನ ದಪ್ಪದಷ್ಟು ಜಾಗದಲ್ಲಿ ಡಿವಿಡಿಯ ಹತ್ತಿರ ಹತ್ತಿರ ನೂರು ಸುತ್ತುಗಳು ಕೂರುತ್ತವೆ. ಇಷ್ಟು ಸಣ್ಣ ಜಾಗದಲ್ಲಿ ತಪ್ಪು ಆಗದೇ ಇರೋದೇ ಅಸಾಧ್ಯ. ಅದಕ್ಕೇ ಡೇಟಾ ಜೊತೆ ತಿದ್ದುಪಡಿಗೆ ಬೇಕಾದ ಹೆಚ್ಚುವರಿ ಬೈಟ್‌ಗಳನ್ನೂ ಬರೆದಿರುತ್ತಾರೆ. ಇದರ ಹಿಂದಿರೋದು 1960ರಲ್ಲಿ ಇರ್ವಿಂಗ್ ರೀಡ್ ಮತ್ತು ಗುಸ್ತಾವ್ ಸಾಲೊಮನ್ ಪ್ರಕಟಿಸಿದ ಕೋಡ್. ಡಿವಿಡಿಯಲ್ಲಿ 16 ಸೆಕ್ಟರ್ ಸೇರಿ ಒಂದು ಗುಂಪು. ಆ ಗುಂಪಿನಲ್ಲಿ ಸ್ವಲ್ಪ ಹಾಳಾಗಿದ್ದರೆ ಉಳಿದದ್ದನ್ನು ನೋಡಿ ಲೆಕ್ಕ ಹಾಕಿ ಸರಿ ಮಾಡಿಕೊಳ್ಳಬಹುದು.

ಹಾಗಾಗಿ ಪರದೆ ಮೇಲೆ ಎರರ್ ಬಂತು ಅಂದ್ರೆ ಸಣ್ಣಪುಟ್ಟ ತಪ್ಪು ಅಲ್ಲ, ತಿದ್ದೋ ಶಕ್ತಿಯನ್ನೂ ಮೀರಿದ ತಪ್ಪು. ಎರರ್‌ಗೆ ಮುಂಚೆ ಡ್ರೈವ್ ಗುರ್ ಅಂತ ಸದ್ದು ಮಾಡಿ, ನಿಧಾನವಾಗಿ, ಮತ್ತೆ ವೇಗ ಹಿಡಿಯೋದು ಕೇಳಿರಬಹುದು. ಅದು ಅದೇ ಜಾಗವನ್ನು ಮತ್ತೆ ಮತ್ತೆ ಓದೋ ಪ್ರಯತ್ನ. ಹಾಡಿನ ಸಿಡಿಯಾಗಿದ್ದರೆ ಪ್ಲೇಯರ್ ಅಕ್ಕಪಕ್ಕದ ಧ್ವನಿ ನೋಡಿ ಅಂದಾಜು ಮಾಡಿ ನುಡಿಸಿಬಿಡುತ್ತೆ, ನಮಗೆ ಗೊತ್ತೇ ಆಗಲ್ಲ. ಓಎಸ್‌ನ ಫೈಲ್‌ನಲ್ಲಿ ಅಂದಾಜು ನಡೆಯಲ್ಲ.

ಫೈಲ್ ಸರಿ ಇದೆಯಾ?

ಪಿಜಿ ವೈಫೈ ನಿಮಗೆ ಗೊತ್ತೇ ಇದೆ. ಕರೆಂಟ್ ಹೋಗಿ ಬಂದಾಗ ಡೌನ್‌ಲೋಡ್ ಅರ್ಧಕ್ಕೆ ನಿಂತು, ನೋಡೋಕೆ ಪೂರ್ತಿ ಆದಂಗೆ ಕಾಣೋ ಐಎಸ್‌ಓ ಫೈಲ್ ಇರಬಹುದು. ಡೌನ್‌ಲೋಡ್ ಮಾಡಿದ ತಾಣದಲ್ಲೇ ಎಸ್‌ಎಚ್‌ಎ-256 ಅಂತ 64 ಅಕ್ಷರದ ಒಂದು ಸಾಲು ಕೊಟ್ಟಿರುತ್ತಾರೆ. ನಿಮ್ಮ ಫೈಲ್‌ಗೂ ಆ ಲೆಕ್ಕ ಹಾಕಿ, ಎರಡನ್ನೂ ಹೋಲಿಸಿ. ವಿಂಡೋಸ್‌ನಲ್ಲಿ ‘ಸರ್ಟ್‌ಯುಟಿಲ್’, ಲಿನಕ್ಸ್‌ನಲ್ಲಿ ‘ಎಸ್‌ಎಚ್‌ಎ256ಸಮ್’ ಅನ್ನೋ ಆಜ್ಞೆಗಳು ಈಗಾಗಲೇ ಇವೆ, ಬೇರೆ ಏನೂ ಹಾಕಿಕೊಳ್ಳಬೇಕಿಲ್ಲ.

ಇಲ್ಲೊಂದು ಉಪಯೋಗದ ಸಂಗತಿ. ಒಂದೇ ಫೈಲ್‌ಗೆ ಮೂರು ಸಲ ಲೆಕ್ಕ ಹಾಕಿದಾಗ ಮೂರು ಸಲವೂ ಅದೇ ತಪ್ಪು ಉತ್ತರ ಬಂದರೆ ಫೈಲ್ ಕೆಟ್ಟಿದೆ, ಮತ್ತೆ ಡೌನ್‌ಲೋಡ್ ಮಾಡಿ. ಪ್ರತಿ ಸಲ ಬೇರೆ ಬೇರೆ ಉತ್ತರ ಬಂದರೆ ಫೈಲ್ ಬಗ್ಗೆ ಆಮೇಲೆ ಯೋಚಿಸಿ, ಮೊದಲು ಆ ಮೆಷಿನ್‌ನ ರ‍್ಯಾಮ್ ಮೇಲೆ ಅನುಮಾನ ಪಡಿ. ಮೆಮ್‌ಟೆಸ್ಟ್86+ ಅನ್ನೋ ಉಚಿತ ಪ್ರೋಗ್ರಾಂ ರಾತ್ರಿಯಿಡೀ ಓಡಿಸಿದರೆ ಸಾಮಾನ್ಯವಾಗಿ ಗೊತ್ತಾಗುತ್ತೆ.

ಬರೆದದ್ದು ಸರಿ ಇದೆಯಾ?

ಬರೆದ ಡಿಸ್ಕ್ ತೆರೆದು ನೋಡಿ. ಒಳಗೆ ಒಂದೇ ಒಂದು ಐಎಸ್‌ಓ ಫೈಲ್ ಕಂಡರೆ ಅದು ಬೂಟ್ ಆಗಲ್ಲ. ಐಎಸ್‌ಓ ಅನ್ನೋದು ಇಡೀ ಡಿಸ್ಕಿನ ನಕಲು. ಅದನ್ನು ಫೈಲ್ ಆಗಿ ಹಾಕಬಾರದು, ‘ಬರ್ನ್ ಇಮೇಜ್’ ಆಯ್ಕೆ ಕೊಟ್ಟು ಬರೆಯಬೇಕು. ಸರಿಯಾಗಿ ಬರೆದಿದ್ದರೆ ಒಳಗೆ ಹಲವು ಫೋಲ್ಡರ್ ಕಾಣುತ್ತವೆ.

ಗಾತ್ರ ನೋಡಿ. ಡಿವಿಡಿ ಮೇಲೆ 4.7 ಜಿಬಿ ಅಂತ ಬರೆದಿದ್ದರೂ ವಿಂಡೋಸ್ ತೋರಿಸೋದು ಸುಮಾರು 4.37 ಜಿಬಿ. ಡಿಸ್ಕ್ ಕಂಪನಿಯವರು ಸಾವಿರದ ಲೆಕ್ಕ, ವಿಂಡೋಸ್ 1024ರ ಲೆಕ್ಕ. ಉಬುಂಟು 24.04ರ ಡೆಸ್ಕ್‌ಟಾಪ್ ಐಎಸ್‌ಓ 5 ಜಿಬಿಗಿಂತ ದೊಡ್ಡದು, ಮಾಮೂಲಿ ಡಿವಿಡಿಗೆ ಹಿಡಿಯಲ್ಲ. 2011ರವರೆಗೆ ಉಬುಂಟುವನ್ನು ಒಂದೇ ಸಿಡಿಯಲ್ಲಿ ಹಾಕಿ ಪುಕ್ಕಟೆಯಾಗಿ ಮನೆಗೆ ಪೋಸ್ಟ್ ಮಾಡ್ತಿದ್ದರು ಅಂದ್ರೆ ಈಗ ನಂಬೋದು ಕಷ್ಟ.

ಬರೆಯೋ ವೇಗ ಗರಿಷ್ಠಕ್ಕೆ ಇಡಬೇಡಿ, ಡಿವಿಡಿಗೆ 4x ಅಥವಾ 8x ಸಾಕು. ಬರೆದ ಮೇಲೆ ‘ವೆರಿಫೈ’ ಆಯ್ಕೆ ಇದ್ದರೆ ಟಿಕ್ ಮಾಡಿ. ಡೆಬಿಯನ್ ಇನ್‌ಸ್ಟಾಲರ್‌ನ ಮೆನುವಿನಲ್ಲೇ ಡಿಸ್ಕ್ ಪರೀಕ್ಷೆ ಮಾಡೋ ಆಯ್ಕೆ ಇದೆ. ಉಬುಂಟು 20.04ರಿಂದ ಬೂಟ್ ಆಗುವಾಗ ತಾನೇ ಪರೀಕ್ಷಿಸಿಕೊಳ್ಳುತ್ತೆ. ಸಮಯ ಹಾಳು ಅಂತ ಅದನ್ನು ನಿಲ್ಲಿಸಬೇಡಿ.

ಡಿಸ್ಕಾ, ಡ್ರೈವಾ?

ಫೈಲ್ ಸರಿ, ಬರೆದ ರೀತಿಯೂ ಸರಿ ಅಂತ ಆದ ಮೇಲೆ ಉಳಿಯೋದು ಡಿಸ್ಕ್ ಮತ್ತು ಡ್ರೈವ್. ಎರಡನ್ನೂ ಬೇರೆ ಮಾಡೋದು ಸುಲಭ. ಅದೇ ಡಿಸ್ಕನ್ನು ಇನ್ನೊಂದು ಮೆಷಿನ್‌ನಲ್ಲಿ ಪೂರ್ತಿ ಓದಿಸಿ. ಅಲ್ಲೂ ನಿಂತರೆ ಡಿಸ್ಕ್, ಅಲ್ಲಿ ಸರಾಗ ಓದಿದರೆ ಡ್ರೈವ್. ಇನ್ನೊಂದು ಮೆಷಿನ್ ಇಲ್ಲದಿದ್ದರೆ ಎರರ್ ಸಾಲಿನಲ್ಲಿರೋ ಸೆಕ್ಟರ್ ಸಂಖ್ಯೆ ನೋಡಿ. ಎರಡು ಮೂರು ಸಲ ಬೂಟ್ ಮಾಡಿದಾಗಲೂ ಅದೇ ಸಂಖ್ಯೆ ಬಂದರೆ ಡಿಸ್ಕ್‌ನ ಆ ಜಾಗ ಹಾಳು. ಪ್ರತಿ ಸಲ ಬೇರೆ ಬೇರೆ ಕಡೆ ನಿಂತರೆ ಡ್ರೈವ್, ಕೇಬಲ್ ಅಥವಾ ರ‍್ಯಾಮ್.

ಡಿಸ್ಕ್ ಒರೆಸುವಾಗ ಮೆತ್ತನೆ ಒಣ ಬಟ್ಟೆಯಲ್ಲಿ ನಡುವಿನಿಂದ ಅಂಚಿಗೆ ನೇರವಾಗಿ ಒರೆಸಿ, ಗುಂಡಗೆ ಸುತ್ತಿಸಬೇಡಿ. ನೇರ ಗೀರು ಬಿದ್ದರೆ ಒಂದೊಂದು ಸುತ್ತಿನಲ್ಲೂ ಒಂಚೂರೇ ಹಾಳಾಗುತ್ತೆ, ಅದನ್ನು ಕೋಡ್ ತಿದ್ದಿಕೊಳ್ಳುತ್ತೆ. ಗುಂಡಗಿನ ಗೀರು ಒಂದೇ ಸುತ್ತಿನ ಉದ್ದಕ್ಕೂ ಹೋಗುತ್ತೆ, ತಿದ್ದೋಕೆ ಏನೂ ಉಳಿಯಲ್ಲ. ಸಿಡಿಯಾದರೆ ಹೆಸರು ಬರೆಯೋ ಬದಿಯ ಬಗ್ಗೆಯೂ ಎಚ್ಚರ ಇರಲಿ, ಡೇಟಾ ಪದರ ಆ ಬದಿಗೇ ಹತ್ತಿರ ಇದೆ.

ಇನ್ನು ಡ್ರೈವ್. ಹಳೇ ಮದ್ರಾಸ್ ರೋಡಿನ ಟ್ರಾಫಿಕ್, ಔಟರ್ ರಿಂಗ್ ರೋಡಿನ ಮೆಟ್ರೋ ಕೆಲಸ ಎರಡೂ ಸೇರಿ ನಮ್ಮ ಕಡೆ ಕಿಟಕಿ ತೆಗೆದಿಟ್ಟರೆ ಸಂಜೆಗೆ ಟೇಬಲ್ ಮೇಲೆ ಹೆಸರು ಬರೆಯಬಹುದು. ಅದೇ ಧೂಳು ವರ್ಷಗಟ್ಟಲೆ ಸುಮ್ಮನಿದ್ದ ಡ್ರೈವ್‌ನ ಲೆನ್ಸ್ ಮೇಲೂ ಕೂರುತ್ತೆ. ಲ್ಯಾಪ್‌ಟಾಪ್ ಡ್ರೈವ್ ಆದರೆ ಟ್ರೇ ಎಳೆದಾಗ ಲೆನ್ಸ್ ಕಾಣುತ್ತೆ. ಐಸೊಪ್ರೊಪೈಲ್ ಆಲ್ಕೋಹಾಲ್ ತಾಗಿಸಿದ ಹತ್ತಿಕಡ್ಡಿಯಿಂದ ಹಗುರವಾಗಿ ಒರೆಸಿ, ಒಣಗಲು ಬಿಡಿ. ಒತ್ತಬೇಡಿ, ಲೆನ್ಸ್ ಸಣ್ಣ ತಂತಿಗಳ ಮೇಲೆ ತೂಗ್ತಿರುತ್ತೆ. ಡೆಸ್ಕ್‌ಟಾಪ್ ಡ್ರೈವ್ ಆದರೆ ಪವರ್ ತೆಗೆದು, ಡ್ರೈವ್ ಹೊರತೆಗೆದು ಕವಚ ಬಿಚ್ಚಬೇಕು. ಬಿಚ್ಚಿದಾಗಲೇ ಸಾಟಾ ಕೇಬಲ್ ಕೂಡ ತೆಗೆದು ಹಾಕಿದರೆ ಏನು ಸರಿಹೋಯ್ತು ಅಂತ ಗೊತ್ತಾಗಲ್ಲ. ಮೊದಲು ಕೇಬಲ್, ಪರೀಕ್ಷೆ, ಆಮೇಲೆ ಲೆನ್ಸ್, ಪರೀಕ್ಷೆ.

ಒಂದು ಉದಾಹರಣೆ

ಮುಳಬಾಗಿಲಿನ ಜೂನಿಯರ್ ಒಬ್ಬ ಮನೆಯ ಡೆಸ್ಕ್‌ಟಾಪ್ ತಂದಿದ್ದ. ತಂಗಿ ಪಿಯುಸಿ, ಅವಳ ನೋಟ್ಸು, ಅಪ್ಪನ ಅಂಗಡಿ ಲೆಕ್ಕ ಎಲ್ಲ ಅದರಲ್ಲೇ. “ಅಣ್ಣ, ಹಾರ್ಡ್ ಡಿಸ್ಕ್ ಹೋಗಿದೆಯಂತೆ, ಫಾರ್ಮ್ಯಾಟ್ ಮಾಡಿ ನೋಡೋಣ, ಆಗದಿದ್ರೆ ಹೊಸದು” ಅಂದ. ಫೋಟೋದಲ್ಲಿ ಇದ್ದದ್ದು ಎಸ್‌ಆರ್0, ಮೀಡಿಯಂ ಎರರ್. ಎಸ್‌ಎಚ್‌ಎ-256 ಸರಿ ಇತ್ತು. ಡಿವಿಡಿಯನ್ನು ನಮ್ಮ ಹಳೇ ಲ್ಯಾಪ್‌ಟಾಪ್ ಕೊನೆಯವರೆಗೆ ಓದಿತು. ಅವನ ಮೆಷಿನ್‌ನಲ್ಲಿ ಮೂರು ಸಲ ಮೂರು ಕಡೆ ನಿಂತಿತು. ಮೆಮ್‌ಟೆಸ್ಟ್‌ನಲ್ಲಿ ರಾತ್ರಿಯಿಡೀ ಒಂದೂ ತಪ್ಪು ಬರಲಿಲ್ಲ. ಕೇಬಲ್ ಬದಲಿಸಿದರೂ ಹಾಗೇ. ಲೆನ್ಸ್ ಒರೆಸಿದ ಮೇಲೆ ಹೆಚ್ಚು ದೂರ ಓಡಿತು, ಆದರೂ ಮುಗಿಯಲಿಲ್ಲ. ಡ್ರೈವ್‌ಗೆ ವಯಸ್ಸಾಗಿತ್ತು.

ಅದಕ್ಕೆ ಹೊಸ ಡ್ರೈವ್ ಕೂಡ ಬೇಕಾಗಲಿಲ್ಲ. ಅದೇ ಐಎಸ್‌ಓವನ್ನು ಪೆನ್‌ಡ್ರೈವ್‌ಗೆ ಬರೆದು, ಕ್ಯಾಬಿನೆಟ್ ಹಿಂದಿನ ಯುಎಸ್‌ಬಿ ಪೋರ್ಟ್‌ಗೆ ಹಾಕಿ ಬೂಟ್ ಮಾಡಿದೆವು. ಮುಂದಿನ ಪೋರ್ಟ್‌ಗಳು ಉದ್ದದ ವೈರ್ ಮೂಲಕ ಬರೋದ್ರಿಂದ ಹಳೇ ಮೆಷಿನ್‌ಗಳಲ್ಲಿ ಹಿಂದಿನದೇ ವಾಸಿ. ಇನ್‌ಸ್ಟಾಲ್ ಮಾಡದೆ ಲೈವ್ ಆಗಿ ಓಡಿಸಿ, ಮೊದಲು ತಂಗಿಯ ನೋಟ್ಸು ಮತ್ತು ಲೆಕ್ಕದ ಫೈಲ್‌ಗಳನ್ನು ಬೇರೆ ಡಿಸ್ಕ್‌ಗೆ ಕಾಪಿ ಮಾಡಿದೆವು. ಆಮೇಲೆ ಹಾರ್ಡ್ ಡಿಸ್ಕ್‌ನ ಸ್ಮಾರ್ಟ್ ವರದಿ ನೋಡಿದೆವು. ರೀಅಲೊಕೇಟೆಡ್, ಪೆಂಡಿಂಗ್ ಸೆಕ್ಟರ್ ಎರಡೂ ಸೊನ್ನೆ. ಆ ಹಾರ್ಡ್ ಡಿಸ್ಕೇ ಈಗಲೂ ಓಡ್ತಿದೆ. ಫಾರ್ಮ್ಯಾಟ್ ಮಾಡಿ ‘ನೋಡಿದ್ದರೆ’ ಎರರ್ ಹಾಗೇ ಇರ್ತಿತ್ತು, ನೋಟ್ಸು ಮಾತ್ರ ಹೋಗಿರ್ತಿತ್ತು.

ಪೆನ್‌ಡ್ರೈವ್ ಬಗ್ಗೆ ಎರಡು ಮಾತು

ರೂಫಸ್ ಅಥವಾ ಬಲೇನಾ ಎಚರ್‌ನಂಥ ಪ್ರೋಗ್ರಾಂನಿಂದ ಬರೆಯಿರಿ. ಅದರಲ್ಲಿದ್ದ ಹಳೆಯದೆಲ್ಲ ಅಳಿಸಿಹೋಗುತ್ತೆ. ತುಂಬ ಕಡಿಮೆ ಬೆಲೆಗೆ ಸಿಕ್ಕಿದ ದೊಡ್ಡ ಗಾತ್ರದ ಪೆನ್‌ಡ್ರೈವ್ ಆದರೆ ಎಫ್3 ಅನ್ನೋ ಪ್ರೋಗ್ರಾಂನಲ್ಲಿ ನಿಜವಾದ ಗಾತ್ರ ಪರೀಕ್ಷಿಸಿ. ನಕಲಿಯಲ್ಲಿ ಬರೆದಂತೆ ಕಾಣುತ್ತೆ, ಓದುವಾಗ ಮತ್ತೆ ಅದೇ ರೀಡ್ ಎರರ್. ಪೆನ್‌ಡ್ರೈವ್‌ನಿಂದಲೂ ಇನ್‌ಸ್ಟಾಲ್ ಅರ್ಧಕ್ಕೆ ನಿಂತು, ಎರರ್‌ನಲ್ಲಿ ಹಾರ್ಡ್ ಡಿಸ್ಕಿನ ಹೆಸರೇ ಬಂದರೆ, ಸ್ಮಾರ್ಟ್‌ನಲ್ಲಿ ಪೆಂಡಿಂಗ್ ಸೆಕ್ಟರ್ ಏರ್ತಾ ಇದ್ದರೆ, ಆಗ ಎಸ್.ಪಿ. ರೋಡಿಗೆ ಧಾರಾಳವಾಗಿ ಹೋಗಿ. ಆದರೆ ಡೇಟಾ ಕಾಪಿ ಆದ ಮೇಲೆ.

ಕೊನೆಗೆ, ಕನ್ನಡ ಕ್ಲಬ್‌ನವರಾಗಿ ಒಂದು ವಿಷಯ ಹೇಳಲೇಬೇಕು. ಡೆಬಿಯನ್‌ನ ಗ್ರಾಫಿಕಲ್ ಇನ್‌ಸ್ಟಾಲರ್‌ನಲ್ಲಿ ಭಾಷೆಗಳ ಪಟ್ಟಿಯಲ್ಲಿ ಕನ್ನಡವೂ ಇದೆ. ಮನೆಯವರಿಗೆ ಹಾಕಿಕೊಡುವಾಗ ಅದನ್ನೇ ಆರಿಸಿ ನೋಡಿ. ಎರರ್ ಬಂದರೆ ಫೋಟೋ ತೆಗೆದುಕೊಂಡು ನಮ್ಮ ಹತ್ತಿರ ಬನ್ನಿ. ಮೆಷಿನ್ ಹೊತ್ತು ತರೋದು ಆಮೇಲೆ, ಫೋಟೋ ಮೊದಲು.