ಪಹಣಿ ಹಿಡಿದು ಮುತ್ತಜ್ಜಿಯನ್ನು ಹುಡುಕಿದ್ದು

ಹಳೆಯ ಜಮೀನು ಕಾಗದಗಳಲ್ಲಿ ಗಂಡಸರ ಹೆಸರಿನ ಮುಂದೆ 'ಬಿನ್' ಅಂತ ಇರುತ್ತದೆ, ಇಂಥವರ ಮಗ ಎಂದು. ಹೆಂಗಸರ ಹೆಸರಿನ ಮುಂದೆ 'ಕೋಂ', ಇಂಥವರ ಹೆಂಡತಿ. ದಿನವಿಡೀ ಡೇಟಾಬೇಸ್ ಜೊತೆ ಗುದ್ದಾಡುವ ನನ್ನಂಥವನ ಭಾಷೆಯಲ್ಲಿ ಹೇಳೋದಾದ್ರೆ, ಅವಳ ಪ್ರೈಮರಿ ಕೀ ಗಂಡನ ಹೆಸರು. ಅವನು ತೀರಿಹೋಗಿ ಅವಳು ಇನ್ನೊಂದು ಮದುವೆಯಾದಳು ಅನ್ನಿ, ಕೀ ಬದಲಾಯಿತು. ಹಳೆ ದಾಖಲೆಗೂ ಹೊಸ ದಾಖಲೆಗೂ ಕೊಂಡಿ ತಪ್ಪಿತು. ನಮ್ಮ ಕರಾವಳಿಯ ಹಲವು ಮನೆಗಳಲ್ಲಿ ಮದುವೆಯಾಗಿ ಬಂದ ಹುಡುಗಿಗೆ ಹೊಸ ಹೆಸರಿಡುವ ರೂಢಿಯೂ ಇತ್ತು. ಹಾಗಾಗಿ ಎರಡು ಸಲ ಮದುವೆಯಾದವಳಿಗೆ ಮೂರು ಹೆಸರು.

ನನ್ನ ಅಜ್ಜಿಯ ತಾಯಿ ಅಂಥವಳು. ಅಂಕೋಲಾ ಕಡೆಯ ಹಳ್ಳಿಗೆ ಸೊಸೆಯಾಗಿ ಬಂದು, ಗಂಡ ಸತ್ತ ಮೇಲೆ ಕಾರವಾರದ ಕಡೆ ಉಡಿಕೆಯಾಗಿ ಹೋದವಳು. ಅಜ್ಜಿಗೆ ಆಗ ನಾಲ್ಕೋ ಐದೋ ವರ್ಷ. ದೊಡ್ಡಪ್ಪಂದಿರ ಮನೆಯಲ್ಲೇ ಬೆಳೆದಳು. "ನನ್ನ ಅವ್ವಿ ಗದ್ದೆ ಬರ್ದುಕೊಟ್ಟು, ನನ್ನ ಬಿಟ್ಟು ಹೋದ್ಳು ತಮಾ" ಅಂತ ಎಂಬತ್ತು ದಾಟಿದ ಮೇಲೂ ಹೇಳ್ತಾಳೆ. ಬಿಟ್ಟು ಹೋಗಿದ್ದು ನಿಜ. ಬರೆದುಕೊಟ್ಟಳು ಅನ್ನೋದನ್ನ ಮಾತ್ರ ಕಾಗದ ನೋಡದೆ ಒಪ್ಪೋಕೆ ನನಗೆ ಮನಸ್ಸಾಗಲಿಲ್ಲ.

ಇಂಥ ಹುಡುಕಾಟಕ್ಕೆ ಹೊರಡುವವರು ವಂಶವೃಕ್ಷದಿಂದ ಶುರು ಮಾಡ್ತಾರೆ. ಅದರಲ್ಲಿ ಇಂಥ ಹೆಂಗಸರು ಇರೋದೇ ಅಪರೂಪ. ನೆಲದಿಂದ ಶುರು ಮಾಡೋದು ವಾಸಿ. ಇವತ್ತಿನ ಪಹಣಿಯಲ್ಲಿ ಮಾಲೀಕರ ಹೆಸರಿನ ಪಕ್ಕ ಎಂಆರ್ ನಂಬರ್ ಇರುತ್ತದೆ. ಅದನ್ನು ಹಿಡಿದು ಒಂದೊಂದೇ ಹಕ್ಕು ಬದಲಾವಣೆಯನ್ನು ಹಿಂದಕ್ಕೆ ಓದುತ್ತಾ ಹೋಗಬೇಕು. 'ಭೂಮಿ' ತಂತ್ರಾಂಶ ಬರುವ ಮೊದಲಿನ ಕೈಬರಹದ ಪುಸ್ತಕಗಳಿಗೆ ತಾಲೂಕು ಕಚೇರಿಯ ರೆಕಾರ್ಡ್ ರೂಮಿಗೇ ಅರ್ಜಿ ಹಾಕಬೇಕು. ಈಗ ಭೂ ಸುರಕ್ಷಾ ಯೋಜನೆಯಲ್ಲಿ ಹಳೆ ಕಡತಗಳ ಸ್ಕ್ಯಾನಿಂಗ್ ನಡೀತಿದೆ. ಉತ್ತರ ಕನ್ನಡ 1862ರಲ್ಲಿ ಮದ್ರಾಸಿನಿಂದ ಮುಂಬೈ ಪ್ರಾಂತ್ಯಕ್ಕೆ ಸೇರಿ 1956ರ ತನಕ ಆ ಕಡೆಯೇ ಇತ್ತು. ಅದಕ್ಕೇ ಆ ಪುಟಗಳ ತುಂಬ ಫೇರಫಾರ್, ವಾರಸಾ, 'ಅ.ಪಾ.ಕ.' ಇಂಥ ಪದಗಳು. ಈ ಕೊನೆಯದು ಅಜ್ಞಾನ ಪಾಲನಕರ್ತ, ಅಂದರೆ ಮೈನರ್ ಮಗುವಿನ ಪರವಾಗಿ ನೋಡಿಕೊಳ್ಳುವವರು.

1940ರ ದಶಕದ ಪುಟದಲ್ಲಿ ಮುತ್ತಜ್ಜಿ ಸಿಕ್ಕಳು. ಮೊದಲ ನೋಂದಣಿ: ಗಂಡ ಮಯತ, ಹೆಂಡತಿಯ ಹೆಸರು ದಾಖಲು. ಎರಡು ವರ್ಷ ಬಿಟ್ಟು ಇನ್ನೊಂದು: ಸದರಿಯವಳು ಕಾರವಾರ ತಾಲೂಕಿನ ಇಂಥವರಿಗೆ ಉಡಿಕೆ ಆದ ಕಾರಣ ಹೆಸರು ಕಮಿ, ಮೈದುನ ಭಾವಂದಿರ ಹೆಸರು ದಾಖಲು. ವರದಿ ಕೊಟ್ಟವರು ಅವರೇ. ಅವಳ ಹೆಬ್ಬೆಟ್ಟು ಎಲ್ಲೂ ಇಲ್ಲ.

ಹೆಬ್ಬೆಟ್ಟು ಬೇಕಾಗಿಯೇ ಇರಲಿಲ್ಲ. 1856ರ ಹಿಂದೂ ವಿಧವಾ ಪುನರ್ವಿವಾಹ ಕಾಯ್ದೆ ಅಂದ್ರೆ ಶಾಲೆಯಲ್ಲಿ ನಾವು ಓದಿದ್ದು ಸುಧಾರಣೆ, ಈಶ್ವರಚಂದ್ರ ವಿದ್ಯಾಸಾಗರ, ಅಷ್ಟೆ. ಅದರ ಎರಡನೇ ಕಲಮು ಹೇಳೋದೇ ಬೇರೆ. ವಿಧವೆ ಮರುಮದುವೆಯಾದರೆ, ಸತ್ತ ಗಂಡನ ಆಸ್ತಿಯಲ್ಲಿ ಅವಳಿಗಿದ್ದ ಹಕ್ಕು ಆ ಕ್ಷಣದಲ್ಲಿ ಅವಳೇ ಸತ್ತಳೇನೋ ಎಂಬಂತೆ ಮುಗಿಯುತ್ತದೆ, ಮುಂದಿನ ವಾರಸುದಾರರಿಗೆ ಹೋಗುತ್ತದೆ. ಉಡಿಕೆ ನಮ್ಮಲ್ಲಿ ಕಾನೂನು ಬರುವ ಮೊದಲೇ ಇದ್ದ ಪದ್ಧತಿ, ಆ ಅನುಮತಿ ನಮಗೆ ಬೇಕಿರಲಿಲ್ಲ. ಅಂಥ ಜಾತಿಗಳಿಗೆ ಈ ಕಲಮು ತಗಲುವುದಿಲ್ಲ ಅಂತ ಅಲಹಾಬಾದ್ ಹೈಕೋರ್ಟ್ ಹೇಳಿತು. ಮುಂಬೈ ಹೈಕೋರ್ಟ್ ತಗಲುತ್ತದೆ ಅಂತು. ನಾವಿದ್ದದ್ದು ಮುಂಬೈಯಲ್ಲಿ. ಮೂರನೇ ಕಲಮಿನಲ್ಲಿ ಮೊದಲ ಗಂಡನ ಮಕ್ಕಳಿಗೆ ಬೇರೆ ಪಾಲಕರನ್ನು ನೇಮಿಸಿ ಎಂದು ಸಂಬಂಧಿಕರು ಕೋರ್ಟಿಗೆ ಹೋಗುವ ದಾರಿಯೂ ಇತ್ತು.

ಓದು ಬಲ್ಲವರಿಗೆ ಉಪಾಯ ಗೊತ್ತಿತ್ತು. ಮುಂಬೈಯ ಡಾ. ರಖಮಾಬಾಯಿಯ ತಾಯಿ ಜಯಂತಿಬಾಯಿ, ಡಾ. ಸಖಾರಾಮ ಅರ್ಜುನರನ್ನು ಮರುಮದುವೆಯಾಗುವ ಮೊದಲು ತನ್ನ ಆಸ್ತಿಯನ್ನು ಮಗಳ ಹೆಸರಿಗೆ ಮಾಡಿದಳು. ನಮ್ಮ ಮುತ್ತಜ್ಜಿಗೆ ಇದನ್ನ ಹೇಳಿಕೊಡೋರು ಯಾರಿದ್ರು?

1956ರ ಉತ್ತರಾಧಿಕಾರ ಕಾಯ್ದೆ ಬಂದ ಮೇಲೆ ಗಂಡನಿಂದ ಬಂದ ಪಾಲು ವಿಧವೆಯ ಸ್ವಂತದ್ದಾಯಿತು, ಆಮೇಲೆ ಮದುವೆಯಾದರೂ ಹೋಗುವುದಿಲ್ಲ. ಹಳೆ ಕಾಯ್ದೆ ಪುಸ್ತಕದಿಂದ ಹೋಗಿದ್ದು 1983ರಲ್ಲಿ.

ಅಂಕೋಲಾದವರಿಗೆ ಒಂದು ಎಚ್ಚರಿಕೆ. 1930ರ ದಶಕದ ಪುಟದಲ್ಲಿ ಹೆಸರು ಕಾಣೆಯಾದರೆ ಕೂಡಲೇ ಮನೆಯವರನ್ನು ಅನುಮಾನಿಸಬೇಡಿ. ಕರನಿರಾಕರಣೆ ಚಳವಳಿಯಲ್ಲಿ ಎಷ್ಟೋ ರೈತರ ಜಮೀನನ್ನು ಸರಕಾರ ಮುಟ್ಟುಗೋಲು ಹಾಕಿತ್ತು. ಇನ್ನು ಗೇಣಿ ಒಕ್ಕಲಾಗಿದ್ದವರು ಮಾಲೀಕರ ಕಾಲಮ್ಮಿನಲ್ಲಿ ಸಿಗೋದು ಕಷ್ಟ. 1974ರ ಭೂಸುಧಾರಣೆಯ ನಂತರ ಕೊಟ್ಟ 7ನೇ ನಂಬರ್ ಫಾರ್ಮಿನ ಕಡತ ಕೇಳಿ ನೋಡಿ. ಮತದಾರರ ಪಟ್ಟಿ ನೋಡೋಣ ಅಂದ್ರೆ ಅಲ್ಲೂ ಅದೇ ಕಥೆ: 1951-52ರ ಮೊದಲ ಚುನಾವಣೆಯಲ್ಲಿ ಇಂಥವರ ಹೆಂಡತಿ, ಇಂಥವರ ತಾಯಿ ಅಂತಷ್ಟೇ ಬರೆಸಿ ತಮ್ಮ ಹೆಸರು ಹೇಳದ ಸುಮಾರು 28 ಲಕ್ಷ ಹೆಂಗಸರನ್ನು ದೇಶದಲ್ಲಿ ಪಟ್ಟಿಯಿಂದ ತೆಗೆಯಬೇಕಾಯಿತು.

ನನಗೆ ದಾರಿ ತೋರಿಸಿದ್ದು ಅವಳನ್ನು ಕಮಿ ಮಾಡಿದ ಆ ಸಾಲೇ. ಎರಡನೇ ಗಂಡನ ಹೆಸರು, ಊರು ಎರಡೂ ಅದರಲ್ಲಿತ್ತು. ಕಾರವಾರ ತಾಲೂಕಿನ ಮರಣ ರಿಜಿಸ್ಟರಿನಲ್ಲಿ ಆ ಗಂಡನ 'ಕೋಂ' ಆಗಿ ಮೂರನೇ ಹೆಸರಿನಲ್ಲಿ ಸಿಕ್ಕಳು.

ನಕಲು ತಂದು ಅಜ್ಜಿಗೆ ಓದಿ ಹೇಳಿದೆ.

"ಅಂದ್ರೆ ಅವ್ವಿ ಬರ್ದು ಕೊಡ್ಲಿಲ್ವಾ?"

"ಇಲ್ಲಜ್ಜಿ. ಅವಳನ್ನ ಕೇಳ್ಲೇ ಇಲ್ಲ."

ಅಜ್ಜಿ ತುಂಬಾ ಹೊತ್ತು ಎಲೆ ಅಡಿಕೆ ಜಗಿಯುತ್ತಾ ಕೂತಳು. ಆಮೇಲೆ, "ಅಲ್ಲಿ ಅವಳಿಗೆ ಮಕ್ಕಳಾಗಿದ್ವಾ?" ಅಂದಳು. ಕಾಳಿ ನದಿಯ ಆಚೆ, ಸದಾಶಿವಗಡದ ಕಡೆ, ಆ ಗಂಡನ ಸರ್ವೆ ನಂಬರಿನ ಹಳೆ ವಾರಸಾ ನೋಂದಣಿಯಲ್ಲಿ ಇಬ್ಬರು ಗಂಡುಮಕ್ಕಳ ಹೆಸರಿದೆ ಅಂದೆ. ಹೆಸರನ್ನು ಎರಡು ಸಲ ಹೇಳಿಸಿಕೊಂಡಳು. ಮುಂದಿನ ತಿಂಗಳು ರಜೆ ಹಾಕಿ ಹೋಗ್ತಿದ್ದೇನೆ. ಅಜ್ಜಿಯ ಮಂಡಿ ನೋವಿಗೆ ಬಸ್ಸು ಆಗೋದಿಲ್ಲ, ಕಾರು ಗೊತ್ತು ಮಾಡಿದ್ದೇನೆ.