ಬ್ಯಾರಲ್ ಸೀಳಿದ್ರೆ ಕರೆಂಟ್ ಬರುತ್ತಾ? ಮಾಳಿಗೆ ಮೇಲಿನ ಗಾಳಿಯಂತ್ರದ ಅಸಲಿ ಲೆಕ್ಕ ಇಲ್ಲಿದೆ

ಗದಗ: ಕಾರಹುಣ್ಣಿಮೆ ಮುಗಿದು ಆಷಾಢದ ಗಾಳಿ ಶುರುವಾಯ್ತು ಅಂದ್ರೆ ಕಪ್ಪತಗುಡ್ಡದ ಕಡೆ ಫ್ಯಾನ್‌ಗಳು ಹಗಲು ರಾತ್ರಿ ತಿರುಗುತ್ತವೆ. ಅದೇ ಹೊತ್ತಿಗೆ ಕೆಳಗೆ ಊರಲ್ಲಿ ಕರೆಂಟ್ ಹೋಗಿರುತ್ತೆ. ಆಗ ಯಾರಾದ್ರೂ ಒಬ್ಬರು ಕೇಳೇ ಕೇಳ್ತಾರೆ: "ಅಲ್ರೀ, ಇಷ್ಟ್ ಗಾಳಿ ಐತಿ, ನಮ್ಮ ಮಾಳಿಗಿ ಮ್ಯಾಲೆ ನಾವೇ ಒಂದು ಮಾಡ್ಕೊಂಡ್ರ ಹೆಂಗ?"

ಮಾಡಬಹುದು. ಆದ್ರೆ ಮೊಬೈಲ್ ವಿಡಿಯೊದಲ್ಲಿ ತೋರಿಸಿದಷ್ಟು ಬರಲ್ಲ.

ಮನೆಯಲ್ಲಿ ಮಾಡಲು ಸುಲಭವಾದದ್ದು ಲಂಬ ಅಕ್ಷದ ಗಾಳಿಯಂತ್ರ, ಅಂದ್ರೆ ನೆಟ್ಟಗೆ ನಿಂತ ಕಂಬದ ಸುತ್ತ ಬುಗುರಿಯಂತೆ ತಿರುಗುವಂಥದ್ದು. ಗಾಳಿ ಯಾವ ದಿಕ್ಕಿಂದ ಬಂದ್ರೂ ತಿರುಗುತ್ತೆ, ಗುಡ್ಡದ ಫ್ಯಾನ್‌ನಂತೆ ಗಾಳಿಗೆ ಮುಖ ಮಾಡಬೇಕಿಲ್ಲ. ಇದರಲ್ಲಿ ಮುಖ್ಯವಾಗಿ ಎರಡು ಜಾತಿ. ಬ್ಯಾರಲ್ ಸೀಳಿ ಮಾಡುವುದು ಫಿನ್ಲೆಂಡಿನ ಎಂಜಿನಿಯರ್ ಸವೋನಿಯಸ್ 1920ರ ದಶಕದಲ್ಲಿ ರೂಪಿಸಿದ್ದು. ಇನ್ನೊಂದು ಫ್ರಾನ್ಸಿನ ಡಾರಿಯಸ್‌ದು, ಬಿಲ್ಲಿನಂತೆ ಬಾಗಿದ ತೆಳು ರೆಕ್ಕೆಗಳದ್ದು. ಅದು ಹೆಚ್ಚು ಶಕ್ತಿ ಹಿಡಿಯುತ್ತೆ, ಆದ್ರೆ ಸಾಮಾನ್ಯವಾಗಿ ತಾನಾಗೇ ಶುರುವಾಗಲ್ಲ, ರೆಕ್ಕೆಯ ಆಕಾರ ಸ್ವಲ್ಪ ತಪ್ಪಿದ್ರೂ ಕೆಲಸ ಕೆಡುತ್ತೆ. ವೆಲ್ಡಿಂಗ್ ಅಂಗಡಿಯಲ್ಲಿ ಮಾಡುವ ಮಾತಲ್ಲ, ಬಿಡಿ.

ಮೊದಲು ಲೆಕ್ಕ

200 ಲೀಟರ್ ಬ್ಯಾರಲ್ಲಿನ ಅಡ್ಡಳತೆ ಸುಮಾರು 58 ಸೆಂ.ಮೀ., ಎತ್ತರ 88 ಸೆಂ.ಮೀ. ಉದ್ದಕ್ಕೆ ಸೀಳಿ ಎರಡು ಹೋಳನ್ನು ಇಂಗ್ಲಿಷಿನ 'ಎಸ್' ಆಕಾರದಲ್ಲಿ ಜೋಡಿಸಿದ್ರೆ ಸುಮಾರು ಒಂದು ಮೀಟರ್ ಅಗಲದ ಯಂತ್ರ ಆಗುತ್ತೆ. ಗಾಳಿಗೆ ಒಡ್ಡಿದ ಜಾಗ 0.9 ಚದರ ಮೀಟರ್.

ಸೆಕೆಂಡಿಗೆ 5 ಮೀಟರ್ ಗಾಳಿ, ಅಂದ್ರೆ ಗಂಟೆಗೆ 18 ಕಿ.ಮೀ. ಬೀಸಿದ್ರೆ ಅಷ್ಟು ಜಾಗದಲ್ಲಿ ಹಾದುಹೋಗುವ ಶಕ್ತಿಯೇ ಸುಮಾರು 60 ವ್ಯಾಟ್. ಮನೆಯಲ್ಲಿ ಮಾಡಿದ ಸವೋನಿಯಸ್ ಅದರಲ್ಲಿ ನೂರಕ್ಕೆ 15ರಷ್ಟು ಹಿಡಿದ್ರೆ ಹೆಚ್ಚು. ಉಳಿದದ್ದು 9 ವ್ಯಾಟ್. ಜನರೇಟರ್, ಬೇರಿಂಗ್, ಡಯೋಡ್ ತಮ್ಮ ಪಾಲು ತಿಂದ ಮೇಲೆ ಕೈಗೆ ಸಿಗೋದು ಐದಾರು ವ್ಯಾಟ್. ಒಂದು 9 ವ್ಯಾಟ್ ಎಲ್‌ಇಡಿ ಬಲ್ಬಿಗೂ ಸಾಲದು!

ಗಾಳಿ ವೇಗ ಅರ್ಧಕ್ಕಿಳಿದ್ರೆ ಶಕ್ತಿ ಅರ್ಧ ಆಗಲ್ಲ, ಎಂಟನೇ ಒಂದು ಪಾಲಿಗೆ ಇಳಿಯುತ್ತೆ. ಕಣದಲ್ಲಿ ರಾಶಿ ತೂರಲು ಸಾಕಾಗುವ ಗಾಳಿ ಕರೆಂಟಿಗೆ ಸಾಕಾಗಲ್ಲ. ಗುಡ್ಡದ ಫ್ಯಾನ್‌ಗಳು ನಿಂತಿರೋದು ಎತ್ತರದ ಗುಡ್ಡದ ಮೇಲೆ, ಅದರ ಮೇಲೆ ಹತ್ತಾರು ಮೀಟರ್ ಕಂಬ. ಅಲ್ಲಿನ ಗಾಳಿಯೇ ಬೇರೆ. ನಮ್ಮ ಮಾಳಿಗೆಗೆ ಬರುವಷ್ಟರಲ್ಲಿ ಗಿಡ, ಗೋಡೆ, ನೀರಿನ ಟ್ಯಾಂಕ್ ಎಲ್ಲಾ ತಡೆದು ಸುಳಿ ಎಬ್ಬಿಸಿರುತ್ತವೆ.

ಹೋಲಿಕೆಗೆ ಹೇಳೋದಾದ್ರೆ: 5 ಮೀಟರ್ ಗಾಳಿ ಇಡೀ ದಿನ ನಿಲ್ಲದೆ ಬೀಸಿದ್ರೂ ಈ ಯಂತ್ರ ಕೊಡೋದು ಸುಮಾರು 130 ವ್ಯಾಟ್-ಅವರ್. 100 ವ್ಯಾಟಿನ ಒಂದು ಸೋಲಾರ್ ಪ್ಯಾನೆಲ್ ಒಳ್ಳೆ ಬಿಸಿಲಿನ ದಿನ ಸುಮಾರು 400 ಕೊಡುತ್ತೆ. ಹಾಗಾಗಿ ಇರೋ ದುಡ್ಡನ್ನು ಮೊದಲು ಪ್ಯಾನೆಲ್‌ಗೆ ಹಾಕೋದೇ ಸರಿ ಅನ್ನೋದು ನಮ್ಮ ಅಭಿಪ್ರಾಯ. ಮೋಡ ಮುಸುಕಿ ಸೋಲಾರ್ ಸೋಲುವ ಮಳೆಗಾಲದಲ್ಲೇ ನಮ್ಮಲ್ಲಿ ಗಾಳಿ ಜೋರು. ಆಗ ಹೊಲದ ಮನೆಗೆ, ಮೊಬೈಲ್ ಚಾರ್ಜಿಗೆ, ಎರಡು ಸಣ್ಣ ದೀಪಕ್ಕೆ ಜೊತೆಗಾರನಾಗಿ ಇದು ಉಪಯೋಗಕ್ಕೆ ಬರುತ್ತೆ.

ಮಾಡೋದೇ ಆದ್ರೆ

ಗುಜರಿಯಿಂದ ತಂದ ಡೀಸೆಲ್, ಥಿನ್ನರ್, ಪೇಂಟ್ ಬ್ಯಾರಲ್ಲಿಗೆ ಗ್ಯಾಸ್ ಕಟರ್ ಅಥವಾ ಗ್ರೈಂಡರ್ ಹಚ್ಚಬೇಡಿ. ಒಳಗೆ ಖಾಲಿ ಕಂಡ್ರೂ ಆವಿ ತುಂಬಿರುತ್ತೆ, ಒಂದು ಕಿಡಿಗೆ ಬಾಂಬಿನಂತೆ ಸಿಡಿಯುತ್ತೆ. ನೀರು ತುಂಬುತ್ತಿದ್ದ ಪ್ಲಾಸ್ಟಿಕ್ ಬ್ಯಾರಲ್ ತಂದು ಗರಗಸದಲ್ಲಿ ಕೊಯ್ಯಿರಿ. ಹಗುರವೂ ಆಗುತ್ತೆ.

ಬ್ಯಾರಲ್ಲನ್ನು ಮೊದಲು ಅಡ್ಡಕ್ಕೆ ಎರಡು ಮಾಡಿ, ಆಮೇಲೆ ಉದ್ದಕ್ಕೆ ಸೀಳಿ. ಒಂದರ ಮೇಲೊಂದು ಎರಡು ಅಂತಸ್ತು ಮಾಡಿ, ಮೇಲಿನದನ್ನು 90 ಡಿಗ್ರಿ ತಿರುಗಿಸಿ ಕೂರಿಸಿ. ಒಂದೇ ಅಂತಸ್ತಾದ್ರೆ ಕೆಲವು ಕೋನದಲ್ಲಿ ಗಾಳಿ ಇದ್ದೂ ಯಂತ್ರ ಸುಮ್ಮನೆ ನಿಂತುಬಿಡುತ್ತೆ. ಎರಡು ಹೋಳಿನ ಒಳ ಅಂಚುಗಳು ನಡುವೆ 10 ಸೆಂ.ಮೀ.ನಷ್ಟು ಒಂದರ ಹಿಂದೊಂದು ಸರಿದಿರಲಿ. ಆ ಸಂದಿಯಿಂದ ನುಗ್ಗಿದ ಗಾಳಿ ಎದುರಿನ ಹೋಳನ್ನೂ ಒಳಗಿಂದ ತಳ್ಳುತ್ತೆ. ಮೇಲೆ ಕೆಳಗೆ ರೋಟರ್‌ಗಿಂತ ಸ್ವಲ್ಪ ದೊಡ್ಡ ದುಂಡು ತಟ್ಟೆ ಹಾಕಿದ್ರೆ ಗಾಳಿ ಸೋರಿ ಹೋಗಲ್ಲ.

ಇಡೀ ಭಾರ ಕೂರೋದು ಕೆಳಗಿನ ಬೇರಿಂಗ್ ಮೇಲೆ. ಹಳೆ ಕಾರಿನ ಚಕ್ರದ ಹಬ್ ಸಿಕ್ಕರೆ ಅದಕ್ಕಿಂತ ಒಳ್ಳೇದಿಲ್ಲ. ಕೆನಡಾದ ಕ್ವಿಬೆಕ್‌ನಲ್ಲಿದ್ದ 'ಎಯೋಲ್' ಎಂಬ 110 ಮೀಟರ್ ಎತ್ತರದ ದೈತ್ಯ ಡಾರಿಯಸ್ ಯಂತ್ರವೂ 1993ರಲ್ಲಿ ಕೆಳಗಿನ ಬೇರಿಂಗ್ ಕೆಟ್ಟೇ ನಿಂತದ್ದು.

ಏರಿಸುವ ಮುಂಚೆ ರೋಟರನ್ನು ಅಡ್ಡ ಮಲಗಿಸಿ, ಸಲೀಸಾಗಿ ಹೊರಳುವಂತೆ ಎರಡು ಆಸರೆ ಮೇಲಿಟ್ಟು ನೋಡಿ. ಒಂದೇ ಕಡೆ ಪದೇ ಪದೇ ಕೆಳಗೆ ಬರ್ತಿದ್ರೆ ಎದುರು ಕಡೆಗೆ ವಾಷರ್ ಬಿಗಿದು ತೂಕ ಸರಿ ಮಾಡಿ. ಇದನ್ನು ಬಿಟ್ಟರೆ ರಾತ್ರಿಯೆಲ್ಲಾ ಮಾಳಿಗೆ ನಡುಗುತ್ತೆ, ಕೆಳಗೆ ಮಲಗಿದವರಿಗೆ ನಿದ್ದೆ ಇರಲ್ಲ.

ಜನರೇಟರ್ ವಿಷಯದಲ್ಲೇ ಹೆಚ್ಚು ಜನ ಸೋಲೋದು. 5 ಮೀಟರ್ ಗಾಳಿಗೆ ಈ ಯಂತ್ರ ನಿಮಿಷಕ್ಕೆ 80-90 ಸುತ್ತು ತಿರುಗುತ್ತೆ, ಅದೂ ಭಾರ ಹೆಚ್ಚಿಲ್ಲದಿದ್ರೆ. ಕಾರಿನ ಆಲ್ಟರ್ನೇಟರ್‌ಗೆ ಸಾವಿರಕ್ಕೂ ಹೆಚ್ಚು ಸುತ್ತು ಬೇಕು. ಕಾಯಂ ಅಯಸ್ಕಾಂತದ, ನಿಧಾನ ವೇಗದ ಜನರೇಟರ್ರೇ ಬೇಕು. ಕೊಳ್ಳುವಾಗ ನಿಮಿಷಕ್ಕೆ ನೂರು ಸುತ್ತಿನಷ್ಟು ತಿರುಗಿಸಿ, ಡಯೋಡ್ ಬ್ರಿಡ್ಜ್ ಆಚೆ ಮಲ್ಟಿಮೀಟರ್ ಹಿಡಿಯಿರಿ. 13 ವೋಲ್ಟ್ ದಾಟದಿದ್ರೆ 12 ವೋಲ್ಟ್ ಬ್ಯಾಟರಿ ಚಾರ್ಜ್ ಆಗೋದೇ ಇಲ್ಲ, ಅಂಗಡಿಯವರು ಎಷ್ಟು 'ವ್ಯಾಟ್' ಹೇಳಿದ್ರೂ ಅಷ್ಟೇ.

ಬ್ಯಾಟರಿ ತುಂಬಿದ ಮೇಲೆ ತಂತಿ ಬಿಚ್ಚಿಬಿಟ್ಟರೆ ಯಂತ್ರ ಭಾರವಿಲ್ಲದೆ ಹುಚ್ಚೆದ್ದು ತಿರುಗುತ್ತೆ. ಹೆಚ್ಚಾದ ಕರೆಂಟನ್ನು ಸುಡಲು ಒಂದು ಹೀಟರ್ ಕಾಯಿಲ್‌ಗೆ ತಿರುಗಿಸುವ ಕಂಟ್ರೋಲರ್ ಇರಲಿ. ಬ್ಯಾಟರಿ ಹತ್ತಿರ ಫ್ಯೂಸ್ ಇರಲಿ. ನಿಲ್ಲಿಸಬೇಕಾದಾಗ ಜನರೇಟರಿನ ಮೂರು ತಂತಿಗಳನ್ನು ಒಂದಕ್ಕೊಂದು ಕೂಡಿಸುವ ಸ್ವಿಚ್ ಹಾಕಿ, ಅದೇ ಬ್ರೇಕ್. ಬಿರುಗಾಳಿ ಏಳುವ ಮುಂಚೆಯೇ ಅದನ್ನು ಒತ್ತಿ, ರೋಟರನ್ನು ಹಗ್ಗದಿಂದಲೂ ಕಟ್ಟಿ.

ಗಂಟೆಗೆ 90 ಕಿ.ಮೀ. ಬಿರುಗಾಳಿಯಲ್ಲಿ ಈ ಯಂತ್ರದ ಮೇಲೆ 30 ಕೆ.ಜಿ.ಗೂ ಮೀರಿದ ಒತ್ತಡ ಬೀಳುತ್ತೆ, ಅದೂ ಕಂಬದ ತುದಿಯಲ್ಲಿ. ಪ್ಯಾರಾಪೆಟ್ ಗೋಡೆಗೆ ಬೋಲ್ಟ್ ಹೊಡೆದು ನಿಲ್ಲಿಸಿದ್ರೆ ಗೋಡೆ ಸಮೇತ ಬೀಳಬಹುದು. ಹೊಲದಲ್ಲಿ ನೆಲಕ್ಕೇ ಕಂಬ ಹುಗಿದು, ಮೂರು ಕಡೆ ತಂತಿ ಎಳೆದು ಕಟ್ಟೋದು ವಾಸಿ. ಕಂಬ ಬಿದ್ದರೂ ಕರೆಂಟ್ ಲೈನಿಗೆ ತಾಗದಷ್ಟು ದೂರ ಇರಲಿ.